ಸ್ವಯಂಸೇವಕರ ಪಟ್ಟಿ

ಆ ಪದ ಹಾಕಿದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವುದಿಲ್ಲ.

ಗುಬ್ಬಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು ಕಿರಣ್‌ಕುಮಾರನ ಜೆರಾಕ್ಸ್ ಅಂಗಡಿ. ಬಿ.ಎ. ಮುಗಿಸಿ ಅಲ್ಲಿ ಟೈಪಿಂಗಿಗೆ ಕೂತಿದ್ದೆ. ಅರ್ಜಿ, ಕರಾರುಪತ್ರ, ತಿಥಿ ಕಾರ್ಡು, ಎಲ್ಲಾ ನನ್ನ ಬೆರಳಿನಿಂದ ಆಚೆ ಹೋಗುತ್ತಿದ್ದವು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸವಪ್ರಭು ಬಂದರು. ಪೇಟೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಅದರ ಜೊತೆಗೆ ಕೊನೆಹೆಜ್ಜೆ ಸೇವಾ ಟ್ರಸ್ಟಿನ ಕಾರ್ಯದರ್ಶಿ. ಊರಿನ ಸ್ಮಶಾನ ನೋಡಿಕೊಳ್ಳುವ ಟ್ರಸ್ಟು ಅದು. ಹೆಣ ಸಾಗಿಸುವ ವ್ಯಾನು ಉಚಿತ. ಗುಂಡಿ ಉಚಿತ. ಸತ್ತವರ ಮನೆಯವರು ಒಂದು ಪೈಸೆ ಕೊಡಬೇಕಿಲ್ಲ.

ಇದಕ್ಕೆಲ್ಲ ದುಡ್ಡು ಕೊಡುತ್ತಿದ್ದದ್ದು ಹೆಬ್ಬಾಗಿಲು ಸೌಹಾರ್ದ ಸಹಕಾರಿ. ಜನ ಸೊಸೈಟಿ ಅನ್ನುತ್ತಾರೆ. ತುಮಕೂರಿನಲ್ಲಿ ಹೆಡ್ಡಾಫೀಸು, ಗುಬ್ಬಿ ಮತ್ತು ಕುಣಿಗಲ್ಲಿನಲ್ಲಿ ಬ್ರಾಂಚು. ಪ್ರತಿ ವರ್ಷ ಲಾಭದ ಒಂದು ಪಾಲನ್ನು ಧರ್ಮಾರ್ಥ ನಿಧಿ ಅಂತ ತೆಗೆದಿಟ್ಟು ಸೇವಾ ಸಂಸ್ಥೆಗಳಿಗೆ ಹಂಚುತ್ತಾರೆ. ತಗೊಂಡವರು ವರ್ಷದ ಕೊನೆಗೆ ಏನು ಮಾಡಿದೆವು ಅಂತ ವರದಿ ಕೊಡಬೇಕು. ಬಸವಪ್ರಭು ತಂದದ್ದು ಆ ವರದಿಯ ಕರಡು.

ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇತ್ತು. ಮೇಲೆ ಅವರ ಕೈಬರಹದಲ್ಲಿ 'ಗುಂಡಿ ತೋಡುವವರು'. ಕೆಳಗೆ ಐದು ಹೆಸರು. ಮೊದಲನೆಯದು ಅಂಜನಮೂರ್ತಿ. ನನ್ನ ಅಪ್ಪ.

ನನ್ನ ಬೆರಳು ನಿಂತಿತು. ಕಾಲೇಜಿನಲ್ಲಿ ನನ್ನ ಬೆಂಚಿನ ಹಿಂದೆ ಒಬ್ಬಳು ಕೂರುತ್ತಿದ್ದಳು. ನಾನು ಬಂದ ಕೂಡಲೇ 'ಮಣ್ಣಿನ್ ವಾಸ್ನೆ ಬತ್ತಾ ಐತೆ ಕಣೇ' ಅನ್ನುತ್ತಿದ್ದಳು. ಮೂರು ವರ್ಷ ಅಂದಳು. ಆ ವಾಸನೆಯನ್ನು ನಾನೇ ಟೈಪ್ ಮಾಡಿ ತುಮಕೂರಿಗೆ ಕಳಿಸಲೇ? ಅಳಿಸಿದೆ. 'ಸ್ವಯಂಸೇವಕರು' ಅಂತ ಹೊಡೆದೆ. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ನಮಗೆ ಹಾಗೆ ಅನ್ನುತ್ತಿದ್ದರು. ಆ ಪದಕ್ಕೆ ಇಸ್ತ್ರಿ ಮಾಡಿದ ಅಂಗಿ ಇತ್ತು.

ಬಸವಪ್ರಭು ಸ್ಕ್ರೀನಿಗೆ ಬಗ್ಗಿ ಓದಿದರು.

"ಇದು ನೀನೇ ಹಾಕಿದ್ದೇನಮ್ಮ?"

"ಹೂಂ ಸಾರ್. ತಪ್ಪಾಯ್ತಾ?"

"ತಪ್ಪೇನು ಬಂತು. ನಮ್ ಕಮಿಟೀಲಿ ಲಾಯರ್ ಒಬ್ರವ್ರೆ, ಅವ್ರಿಗೂ ಹೊಳೀಲಿಲ್ಲ ಇದು." ಅಂಗಡಿಯವನಿಗೆ ಕೇಳುವ ಹಾಗೆ ಹೇಳಿದರು, "ಕಿರಣ, ಈ ಹುಡ್ಗಿ ಚುರುಕು ಕಣೋ."

ನನಗೆ ಕಾಫಿ ತರಿಸಿದರು. ಕುಡಿದೆ. ಆ ಕಾಫಿಯ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಕ್ಯಾಕರಿಸಿ ಉಗಿದರೂ ಹೋಗುವುದಿಲ್ಲ.

ಟ್ರಸ್ಟು ಬರುವ ಮುಂಚೆ ಅಪ್ಪನಿಗೆ ಗುಂಡಿಗೆ ಇಷ್ಟು ಅಂತ ಕೂಲಿ ಇತ್ತು. ಸತ್ತವರ ಮನೆಯವರೇ ಕೊಡುತ್ತಿದ್ದರು. ಚೌಕಾಸಿ ಮಾಡಿ, ಮುಖ ಗಂಟಿಕ್ಕಿ, ದೂರದಿಂದ ಎಸೆದು ಕೊಡುತ್ತಿದ್ದರು. ಆದರೂ ಕೊಡುತ್ತಿದ್ದರು. ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಬೇರೆ. ಟ್ರಸ್ಟು ಬಂದ ಮೇಲೆ ಸ್ಮಶಾನದ ಗೋಡೆಗೆ ಬೋರ್ಡು ಬಂತು. 'ಇದು ಉಚಿತ ಸೇವೆ. ಯಾರಿಗೂ ಹಣ ಕೊಡಬಾರದು.' ತಿಂಗಳಿಗೊಮ್ಮೆ ಬಸವಪ್ರಭು ಐದು ಜನಕ್ಕೂ ಸೇರಿಸಿ ಒಂದಿಷ್ಟು ಕೈಗೆ ಹಾಕುತ್ತಿದ್ದರು. ರಸೀತಿ ಇಲ್ಲ. ಖುಷಿಗೆ ಕೊಡೋದು ಅನ್ನುತ್ತಿದ್ದರು. ನನ್ನ ಪದ ಹೋದ ಮರುವರ್ಷ ಆ ಖುಷಿಯೂ ಅರ್ಧವಾಯಿತು. ಬದಲಿಗೆ ಹಳದಿ ಟೀ ಶರ್ಟು ಬಂತು. ಎದೆಯ ಮೇಲೆ ಸೊಸೈಟಿ ಹೆಸರು. ಬೆನ್ನಿನ ಮೇಲೆ ದಪ್ಪಕ್ಕೆ 'ಸ್ವಯಂಸೇವಕ'.

ಅಪ್ಪನಿಗೆ ಓದು ಬರುವುದಿಲ್ಲ. ಬೆನ್ನು ತೋರಿಸಿ ಕೇಳಿದ.

"ಏನವ್ವ ಬರ್ದವ್ರೆ?"

"ಸ್ವಯಂಸೇವಕ ಅಂತ ಅಪ್ಪ. ದೊಡ್ಡ ಪದ."

"ಕೂಲಿಗಿಂತ ದೊಡ್ಡದಾ?"

"ಹೂಂ."

"ಪದ ದೊಡ್ಡದಾದಂಗೆಲ್ಲ ಕೈಗ್ ಬರೋದ್ ಸಣ್ಣ ಆಯ್ತದೇನೋಪ್ಪ" ಅಂದಳು ಅವ್ವ. ಪುಟ್ಟಗಂಗಮ್ಮ. ಅವಳ ಬಾಯಿಗೆ ಕಾಲೋನಿಯೇ ಹೆದರುತ್ತದೆ. ನನಗೆ ಸಿಟ್ಟು ಬಂತು. ಇವಳಿಗೇನು ಗೊತ್ತು ಅಂದುಕೊಂಡೆ.

ಗುಂಡಿಗಳಲ್ಲಿ ಎರಡು ತರ. ಮಲಗಿಸಿ ಹೂಳುವುದು ಸುಲಭ. ಕೂರಿಸಿ ಹೂಳುವವರಿಗೆ ಆಳ ಜಾಸ್ತಿ. ತಳದಲ್ಲಿ ಒಂದು ಪಕ್ಕಕ್ಕೆ ಗೂಡು ಕೊರೆಯಬೇಕು. ಹಾರೆಯಲ್ಲಿ ಮೀಟಿ, ಗುದ್ದಲಿಯಲ್ಲಿ ಕೆತ್ತಿ, ಮಂಕರಿಯಲ್ಲಿ ಮಣ್ಣು ತುಂಬಿ ತಲೆಯ ಮೇಲಿಂದ ಎತ್ತಿ ಕೊಡಬೇಕು. ಎಷ್ಟು ಆಳ, ಎಷ್ಟು ಅಗಲ ಅನ್ನುವುದನ್ನು ಸತ್ತವರ ಪಾದದ ಅಳತೆಯಲ್ಲಿ ತೆಗೆಯುತ್ತಾರೆ. ಅಪ್ಪ ಬೀದಿಯಲ್ಲಿ ನಿಂತು ಕೂಗುತ್ತಿದ್ದ. ಒಳಗಿಂದ ಯಾರೋ ಪಾದದಷ್ಟು ಉದ್ದದ ದಾರ ಕಿತ್ತು ತಂದು ಅವನ ಕೈಗೆ ಬಿಡುತ್ತಿದ್ದರು. ಬೆರಳು ತಾಗದ ಹಾಗೆ ಬಿಡುತ್ತಿದ್ದರು. ಮೂವತ್ತು ವರ್ಷ ಆ ದಾರ ಹಿಡಿದ. ಒಂದು ಹೊಸಿಲೂ ದಾಟಲಿಲ್ಲ. ಗುಂಡಿ ಮಾತ್ರ ಒಂದೂ ಅಳತೆ ತಪ್ಪಲಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ತುಮಕೂರಿನಲ್ಲಿ ಅನುದಾನ ವಿತರಣೆ ಸಮಾರಂಭ. ಅಪ್ಪನಿಗೆ ಆದರ್ಶ ಸ್ವಯಂಸೇವಕ ಸನ್ಮಾನ. ಹಳದಿ ಟೀ ಶರ್ಟನ್ನು ಅವ್ವ ಒಗೆದು ಒಣಗಿಸಿದಳು. ಮಣ್ಣಿನ ಕಲೆ ಹೋಗಲಿಲ್ಲ. ಹಾಲಿನ ಹೊರಗೆ ದೊಡ್ಡ ಫ್ಲೆಕ್ಸು. ಸೊಸೈಟಿ ಅಧ್ಯಕ್ಷರು ಚನ್ನವೀರಯ್ಯ ವೇದಿಕೆಯ ಮೇಲೆ ಒಂದೊಂದೇ ಸಂಸ್ಥೆಗೆ ಚೆಕ್ಕು ಕೊಟ್ಟರು. ಕುಣಿಗಲ್ ಕಡೆಯ ಒಂದು ಗೋಶಾಲೆಗೆ. ಒಂದು ಭಜನಾ ಮಂಡಳಿಗೆ. ನಮ್ಮ ಸ್ಮಶಾನಕ್ಕೆ ಕಮಾನು ಕಟ್ಟಿಸಲು. ಅಪ್ಪನ ಸರದಿ ಬಂದಾಗ ಚನ್ನವೀರಯ್ಯ ಶಾಲನ್ನು ಹೊದಿಸಲಿಲ್ಲ. ಮಡಿಕೆ ಬಿಚ್ಚದೆ ಮೇಲಿಂದ ಬಿಟ್ಟರು. ಅಪ್ಪ ಎರಡು ಕೈಯಲ್ಲಿ ಹಿಡಿದ. ದಾರ ಹಿಡಿದ ಹಾಗೇ. ಫೋಟೋದವನು "ಇನ್ನೊಂಚೂರು ಹತ್ರ ಬನ್ನಿ" ಅಂದ. ಯಾರೂ ಬರಲಿಲ್ಲ.

ಊಟಕ್ಕೆ ಎಲೆ ಹಾಕಿದರು. "ನೀವು ಲಾಸ್ಟ್ ಪಂಕ್ತೀಲಿ ಕೂತ್ಕಳಿ, ಮನೆಯೋರ್ ತರ ನೀವು" ಅಂದರು ಬಸವಪ್ರಭು. ಮನೆಯವರಿಗೆ ಹೋಳಿಗೆ ಮುಗಿದಿತ್ತು.

ನಾನು ಆ ದಿನ ನಾಲ್ಕು ಫೋಟೋ ಸ್ಟೇಟಸ್ ಹಾಕಿದೆ. ಅದನ್ನೂ ಬರೆಯಬೇಕು.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಎಂಟು ದಿನ ಬಿಟ್ಟಿರಲಿಲ್ಲ. ಪೇಟೆಯ ಹಿರಿಯರೊಬ್ಬರು ತೀರಿಕೊಂಡರು. ಕೂರಿಸುವ ಗುಂಡಿ. ನೆಲ ನೆಂದಿದೆ, ಗೂಡು ನಿಲ್ಲಲ್ಲ, ಒಂದು ದಿನ ಬಿಡಿ ಅಂತ ಅಪ್ಪ ಹೇಳಿದ. ಬಸವಪ್ರಭು ಫೋನಿನಲ್ಲೇ "ಹೆಣ ಕಾಯುತ್ತೇನ್ಲಾ" ಅಂದರು. ಅಪ್ಪ ಇಳಿದ. ಗೂಡು ಕೊರೆಯಲು ಮಂಡಿಯೂರಿ ಬಗ್ಗಿದಾಗ ಪಕ್ಕದ ಹಳೇ ಸಮಾಧಿಯ ಮಣ್ಣು ಜರಿಯಿತು. ಅದರ ಮೇಲೆ ನೆಟ್ಟಿದ್ದ ಕಲ್ಲೂ ಬಂತು. ಅಪ್ಪನ ಸೊಂಟದ ಮೇಲೆ ಬಿತ್ತು.

ಗಂಗಹನುಮಯ್ಯ ಮೇಲಿದ್ದ. ಅಪ್ಪನಿಗಿಂತ ಹಿರಿಯ, ಅವನೇ ಅಪ್ಪನಿಗೆ ಕೆಲಸ ಕಲಿಸಿದವನು. ಕೈಯಲ್ಲೇ ಮಣ್ಣು ಬಗೆದು ಎಳೆದ. ಎಳೆದು ಮೇಲೆ ಮಲಗಿಸಿದ. ಹೆಣ ಬರುವ ಹೊತ್ತಾಗಿತ್ತು. ಉಳಿದ ನಾಲ್ವರೂ ಮತ್ತೆ ಇಳಿದು ಗುಂಡಿ ಮುಗಿಸಿದರು. ಆಮೇಲೆ ಅಪ್ಪನನ್ನು ಆಟೋಗೆ ಹಾಕಿದರು. ಹೆಣದ ವ್ಯಾನು ಅಲ್ಲೇ ಖಾಲಿ ನಿಂತಿತ್ತು. ಬದುಕಿರುವವರಿಗೆ ಅದನ್ನು ಕೊಡುವ ಹಾಗಿಲ್ಲ ಅಂತ ಟ್ರಸ್ಟಿನ ನಿಯಮ.

ತುಮಕೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಉಳಿಯಲಿಲ್ಲ. ಅಪ್ಪ ಮನೆಗೆ ಬಂದು ಮಂಚ ಸೇರಿದ. ಉಚ್ಚೆಗೆ ಚೀಲ. ಬೆನ್ನಿಗೆ ಹುಣ್ಣು. ಅವ್ವ ಬೆಳಗ್ಗೆ ಸಂಜೆ ಮಗ್ಗುಲು ಬದಲಿಸುತ್ತಾಳೆ. ಮೂವತ್ತು ವರ್ಷ ಮಣ್ಣು ಎತ್ತಿದ ಮೈ. ಭಾರ.

ತುಮಕೂರಿನ ಕಾರ್ಮಿಕ ಇಲಾಖೆ ಆಫೀಸಿಗೆ ಹೋದೆ. ಕೆಲಸ ಮಾಡುವಾಗ ಪೆಟ್ಟು ಬಿದ್ದರೆ ಕೆಲಸ ಕೊಟ್ಟವರಿಂದ ಪರಿಹಾರ ಕೊಡಿಸುವ ಕಾನೂನಿದೆ ಅಂತ ಓದಿದ್ದೆ. ಕಾನೂನು ಇತ್ತು. ಟೇಬಲ್ಲಿನ ಹಿಂದೆ ಕೂತಿದ್ದವರು ಒಳ್ಳೆಯವರೇ.

"ನಿಮ್ ತಂದೆ ಅವ್ರತ್ರ ಕೆಲಸ ಮಾಡ್ತಿದ್ರು ಅನ್ನೋಕೆ ಒಂದು ಕಾಗದ ತಗೊಂಬಾಮ್ಮ. ಒಂದೇ ಸಾಕು. ಲೆಟರ್‌ಹೆಡ್ಡಲ್ಲಿ ಕೆಲಸ ಅಂತ ಒಂದು ಮಾತಿದ್ರೆ ಆಯ್ತು. ಬರೀ ಬಾಯ್ಮಾತಿಗೆ ಕೇಸ್ ನಿಲ್ಲಲ್ಲ."

ಒಂದು ಕಾಗದ. ಅಷ್ಟೇ ನಮಗೆ ಬೇಕಾಗಿದ್ದದ್ದು.

ಬಸವಪ್ರಭು ಅಂಗಡಿಗೆ ಆರು ಸಲ ಅಲೆದೆ. ನೋಡೋಣಮ್ಮ, ಕಮಿಟಿ ಸೇರಲಿ, ಅಮಾವಾಸ್ಯೆ ಕಳೀಲಿ. ಕೊನೆಗೆ ತುಮಕೂರಿನ ಸೊಸೈಟಿಗೇ ಹೋದೆ. ಮ್ಯಾನೇಜರ್ ಉದಯಕುಮಾರ್ ಕೂರಿಸಿದರು, ನೀರು ಕೊಟ್ಟರು. ಬೀರುವಿನಿಂದ ಒಂದು ಫೈಲು ತೆಗೆದು ಹಾಳೆ ತಿರುವಿ ನನ್ನ ಮುಂದಿಟ್ಟರು.

"ನಿಮ್ ತಂದೆ ಕೆಲಸಗಾರರಲ್ಲಮ್ಮ. ಸ್ವಯಂಸೇವಕರು. ಕೂಲಿ ಬೇಡ ಅಂತ ಸ್ವಂತ ಇಷ್ಟದಿಂದ ಬಂದೋರು. ಮೂರು ವರ್ಷದ ವರದೀಲೂ ಹಾಗೇ ಇದೆ, ಓದು. ಇದನ್ನ ನೋಡಿದ್ರೆ ಯಾವ ಕೋರ್ಟೂ ಒಪ್ಪಲ್ಲ."

ನೋಡಿದೆ. ನನ್ನದೇ ಅಕ್ಷರ ಗಾತ್ರ. ನಾನೇ ಹಾಕಿದ ಅಡಿಗೆರೆ. ನಾನೇ ಕೂರಿಸಿದ ಪಟ್ಟಿ. ಅಪ್ಪನ ಸೊಂಟದ ಮೇಲೆ ಬಿದ್ದ ಕಲ್ಲಿಗಿಂತ ಮುಂಚೆ ಇದು ಬಿದ್ದಿತ್ತು.

ಅದೇ ಫೈಲಿನಲ್ಲಿ ಗೋಶಾಲೆಯ ವರದಿಯೂ ಇತ್ತು. ದನ ಮೇಯಿಸುವವರಿಗೆ, ಸಗಣಿ ಬಾಚುವವರಿಗೆ ಸಂಬಳ ಅಂತ ಒಂದು ಸಾಲು. ಅಲ್ಲಿ ಯಾರದೋ ಮಗಳು ಟೈಪಿಂಗಿಗೆ ಕೂತಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಎಲ್ಲಾ ಹೇಳಿದೆ. ಕಾಫಿಯನ್ನೂ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಅಪ್ಪನ ಹುಣ್ಣು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾಚ್ಕೆ ಆಯ್ತಾ ನಿಂಗೆ? ಗುಣಿ ತೋಡೋನು ಅನ್ನಾಕೆ?"

"ಹೂಂ ಅವ್ವ."

"ಅದ್ರಲ್ಲಿ ಉಂಡ ಅನ್ನಕ್ಕೆ ನಾಚ್ಕೆ ಆಗ್ಲಿಲ್ವಲ್ಲ."

ಅಷ್ಟೇ ಅಂದಳು. ಹೊಡೆದಿದ್ದರೆ ಚೆನ್ನಾಗಿತ್ತು. ಬಟ್ಟೆ ಹಿಂಡುತ್ತಾ ಕೇಳಿದಳು, "ಸ್ವಂತ ಇಷ್ಟದಿಂದ ಬಂದೋರು ಅಂದ್ನಾ ಅವ್ನು? ಸರಿಯಾಗ್ ಹೇಳು. ಹಂಗೇ ಅಂದ್ನಾ?"

"ಹಂಗೇ ಅಂದ್ರು."

ಅವಳು ಆ ಸಂಜೆಯೇ ಗಂಗಹನುಮಯ್ಯನ ಮನೆಗೆ ಹೋದಳು.

ಮೇ ತಿಂಗಳ ಒಂದು ಬೆಳಗ್ಗೆ ಚನ್ನವೀರಯ್ಯನವರ ಅಣ್ಣ ಗುಬ್ಬಿಯಲ್ಲಿ ತೀರಿಕೊಂಡರು. ಎಂಟು ಗಂಟೆಗೆಲ್ಲ ಬಸವಪ್ರಭುವಿನ ಸ್ಕೂಟರು ಕಾಲೋನಿ ಬಾಯಿಗೆ ಬಂದು ನಿಂತಿತು. ಇಳಿಯಲಿಲ್ಲ. ಇಳಿಯುವ ಅಭ್ಯಾಸ ಇಲ್ಲ.

"ಲೇ ಗಂಗಹನುಮ, ಬನ್ರಲಾ. ಅಧ್ಯಕ್ಷರ ಅಣ್ಣ ಹೋಗ್ಬಿಟ್ರು. ನಾಲ್ಕು ಗಂಟೆಗೆ ಮಣ್ಣು. ತುಮಕೂರಿಂದ ದೊಡ್ಡೋರೆಲ್ಲ ಬತ್ತಾರೆ. ಗುಂಡಿ ನೀಟಾಗಿರ್ಬೇಕು." ಪಾದದ ಅಳತೆಯ ದಾರ ಅವರ ಜೇಬಿನಿಂದ ನೇತಾಡುತ್ತಿತ್ತು.

ಗಂಗಹನುಮಯ್ಯ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ. ಹಳದಿ ಟೀ ಶರ್ಟು ಹಾಕಿದ್ದ. ಏಳಲಿಲ್ಲ. ನಾನು ಹುಟ್ಟಿದಾಗಿನಿಂದ ಅವನು ಬಸವಪ್ರಭು ಎದುರು ಕೂತಿದ್ದನ್ನು ನೋಡಿರಲಿಲ್ಲ.

"ಒಂದ್ ಮಾತ್ ಕೇಳ್ಳಾ ಸ್ವಾಮಿ? ಈ ಬನೀನ್ ಹಿಂದ್ಗಡೆ ಏನೋ ಬರ್ಸಿದೀರಲ್ಲ, ಏನದು?"

"ಈಗ ಅದೆಲ್ಲಾ ಯಾಕ್ಲಾ? ಹಾರೆ ತಗೊಂಡು ನಡಿ."

"ಓದಾಕ್ ಬರಲ್ವಲ್ಲ ಸ್ವಾಮಿ. ಹೇಳ್ಬುಡಿ ಒಸಿ."

"ಸ್ವಯಂಸೇವಕ ಅಂತ."

"ಅಂಗಂದ್ರೆ?"

"ಅಂದ್ರೆ, ತಮ್ ಇಷ್ಟದಿಂದ ತಾವೇ ಸೇವೆ ಮಾಡೋರು ಅಂತ."

ಗಂಗಹನುಮಯ್ಯ ಬೀಡಿಯನ್ನು ಜಗಲಿಯ ಕಲ್ಲಿಗೆ ಒರೆಸಿ ಆರಿಸಿದ. ಉಳಿದ ಅರ್ಧವನ್ನು ಕಿವಿಗೆ ಸಿಕ್ಕಿಸಿಕೊಂಡ.

"ಇವತ್ತು ಇಷ್ಟ ಇಲ್ಲ ಸ್ವಾಮಿ."

ಬಸವಪ್ರಭು ನಕ್ಕರು. ತಮಾಷೆ ಅಂದುಕೊಂಡರು. ಆಮೇಲೆ ಉಳಿದ ಮೂವರನ್ನೂ ನೋಡಿದರು. ಮೂವರೂ ಅವರವರ ಬಾಗಿಲಲ್ಲಿ ಕೂತಿದ್ದರು. ಯಾರೂ ಏಳಲಿಲ್ಲ.

"ಏನ್ರೋ, ಹೆಣದ್ ಮುಂದೆ ಆಟ ಆಡ್ತಿದೀರಾ? ಪಾಪ ಬತ್ತದೆ."

"ಪಾಪ ನಮ್ಗೇ ಇರ್ಲಿ ಬುಡಿ, ರೂಢಿ ಐತೆ" ಅಂದಳು ಅವ್ವ, ಬಾಗಿಲಿಂದ ಹೊರಗೆ ಬರುತ್ತಾ. "ಪುಣ್ಯನ ಇವತ್ತು ನೀವು ತಗಳಿ. ಊರ್ ತುಂಬ ಭಕ್ತರವ್ರೆ. ನಿಮ್ಮಂಗ್ಡೀಲಿ ಹಾರೆ ಐತೆ, ಗುದ್ಲಿ ಐತೆ. ಹೊಸವು."

ಬಸವಪ್ರಭು ಜೇಬಿಗೆ ಕೈ ಹಾಕಿದರು. ನೋಟು ತೆಗೆದರು. ಎಣಿಸಲಿಲ್ಲ, ಹಾಗೇ ಚಾಚಿದರು. ಮೊದಲನೇ ಸಲ ಕೈ ಇಷ್ಟು ಹತ್ತಿರ ಬಂದಿತ್ತು.

"ದುಡ್ಡು ಬ್ಯಾಡ" ಅಂದಳು ಅವ್ವ. "ನನ್ ಮಗಳ್ ಕೈಲಿ ಒಂದ್ ಕಾಗ್ದ ಐತೆ. ಅದ್ಕೆ ರುಜು ಹಾಕಿ. ಇವ್ರು ಈಗ್ಲೇ ಹಾರೆ ಎತ್ತಾರೆ."

ಕೊಟ್ಟೆ. ಎರಡೇ ಸಾಲು. ಅಂಜನಮೂರ್ತಿಯವರು ನಮ್ಮ ಟ್ರಸ್ಟಿನ ಕೆಲಸದಲ್ಲಿದ್ದವರು. ಗುಂಡಿ ತೋಡುವ ಕೆಲಸದಲ್ಲಿರುವಾಗಲೇ ಅವರಿಗೆ ಪೆಟ್ಟಾಯಿತು. ಆ ಸಲ ನಾನು ಯಾವ ಪದವನ್ನೂ ಬದಲಿಸಿರಲಿಲ್ಲ.

ಅವರು ಓದಿದರು. ನನ್ನನ್ನು ನೋಡಿದರು.

"ಕಾಫಿ ಕುಡಿದ್ ಬಾಯಲ್ಲೇ ಕಚ್ತಿಯಲ್ಲಮ್ಮ."

"ಅದೇ ಬಾಯಿ ಸಾರ್."

ಕಾಗದವನ್ನು ನಾಲ್ಕಾಗಿ ಹರಿದು ಚರಂಡಿಗೆ ಬಿಟ್ಟರು. ಸ್ಕೂಟರು ತಿರುಗಿತು.

ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ತರಿಸಿದರು. ಕಾಲೋನಿಯವರೆಲ್ಲ ಸ್ಮಶಾನದ ಎದುರಿನ ಮೋರಿ ಕಟ್ಟೆಯ ಮೇಲೆ ಕೂತು ನೋಡಿದೆವು. ಸೊಸೈಟಿಯ ಅನುದಾನದ ಕಮಾನು ಬಾಗಿಲಿಗೆ ಅಡ್ಡ ನಿಂತಿತ್ತು. ಗ್ರಾನೈಟಿನ ಮೇಲೆ ಚನ್ನವೀರಯ್ಯನವರ ಹೆಸರು, ನಿರ್ದೇಶಕರ ಹೆಸರು, ಬಸವಪ್ರಭುವಿನ ಹೆಸರು. ಜೆಸಿಬಿ ಅದರೊಳಗೆ ಹಿಡಿಸಲಿಲ್ಲ.

"ಇಲ್ಲ ಅಣ್ಣ, ಮೇಲ್ಗಡೆ ತಾಗ್ತದೆ" ಅಂದ ಡ್ರೈವರ್. "ಕಮಾನ್ ಒಡುದ್ರೆ ಒಳಿಕ್ ಹೋಯ್ತೀನಿ. ಒಡೀಲಾ?"

ಬಸವಪ್ರಭು ಫೋನು ಮಾಡಿ ಕೇಳಿದರು. ಒಡೆಯಬಾರದು ಅಂತ ಅಪ್ಪಣೆಯಾಯಿತು. ಪಂಚೆ ಉಟ್ಟ ನಾಲ್ಕು ಜನ ಹೊಸ ಗುದ್ದಲಿ ಹಿಡಿದು ಒಳಗೆ ಹೋದರು. ಗುದ್ದಲಿಯ ಮೇಲೆ ಬೆಲೆಯ ಚೀಟಿ ಹಾಗೇ ಇತ್ತು. ಬೇಸಿಗೆಯ ನೆಲ. ಕಲ್ಲಾಗಿತ್ತು. ಅರ್ಧ ಗಂಟೆಗೆ ಮೊಣಕಾಲುದ್ದ ಆಯಿತು. ಒಬ್ಬರು ಅಂಗೈ ಊದಿಕೊಳ್ಳುತ್ತಾ ಕಮಾನಿನ ನೆರಳಿಗೆ ಬಂದು ಕೂತರು. ಇನ್ನೊಬ್ಬರು ವಾಂತಿ ಮಾಡಿಕೊಂಡರು.

"ಗೂಡು ಯಾವ್ ಕಡೀಕ್ ಬತ್ತದೆ ಅಂತಾನಾರ ಗೊತ್ತೇನೋ ಇವಕ್ಕೆ" ಅಂದ ಗಂಗಹನುಮಯ್ಯ. ಯಾರೂ ನಗಲಿಲ್ಲ. ಮೂರು ಸಲ ಎದ್ದ. ಮೂರು ಸಲವೂ ಅವ್ವ ಅವನ ಟೀ ಶರ್ಟಿನ ತುದಿ ಹಿಡಿದು ಕೂರಿಸಿದಳು.

ಕೊನೆಗೆ ಹೆಣವನ್ನು ನಿಟ್ಟೂರು ಕಡೆ ಅವರದೇ ಜಮೀನಿಗೆ ತಗೊಂಡು ಹೋದರು. ಅಲ್ಲಿ ಕಮಾನು ಇರಲಿಲ್ಲ. ಜೆಸಿಬಿ ಹತ್ತು ನಿಮಿಷದಲ್ಲಿ ತೋಡಿತಂತೆ.

ಮಾರನೇ ದಿನ ಕಿರಣ್‌ಕುಮಾರ್ ನನ್ನ ಕುರ್ಚಿಯ ಮೇಲೆ ಬೇರೆ ಹುಡುಗಿಯನ್ನು ಕೂರಿಸಿದ್ದ. "ನಾನ್ ವ್ಯಾಪಾರ ಮಾಡ್ಬೇಕಲ್ಲ ಸುಶ್ಮಿತಾ" ಅಂದ. ಕಣ್ಣೆತ್ತಿ ನೋಡಲಿಲ್ಲ. ಕಾಲೋನಿಗೆ ಬರುವ ನೀರಿನ ಟ್ಯಾಂಕರು ಎರಡು ದಿನ ಬರಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಪ್ಪನ ಹುಣ್ಣು ತೊಳೆಯಲು ಅವ್ವ ಅರ್ಧ ಮೈಲಿಯಿಂದ ಕೊಡ ಹೊತ್ತಳು. ಗಂಗಹನುಮಯ್ಯನ ಸೊಸೆ ನಮ್ಮ ಬಾಗಿಲಿಗೆ ಬಂದು ಬೈದು ಹೋದಳು. ಇದ್ದ ಖುಷಿನೂ ಕಳೆದ್ರಿ ಅಂದಳು. ಅವಳು ಹೇಳಿದ್ದು ಸುಳ್ಳಲ್ಲ.

ಎಂಟನೇ ದಿನ ಪೋಸ್ಟ್‌ಮ್ಯಾನ್ ಬಂದ. ಐದು ರಿಜಿಸ್ಟರ್ ಕವರು. ಒಂದು ಅಪ್ಪನ ಹೆಸರಿಗೆ. ಟ್ರಸ್ಟಿನ ಲೆಟರ್‌ಹೆಡ್ಡು. ಕೆಳಗೆ ನೇರಳೆ ಸೀಲು, ಬಸವಪ್ರಭು ರುಜು. ಅಪ್ಪನ ಮಂಚದ ಪಕ್ಕ ನಿಂತು ಓದಿದೆ.

'ಈ ಕೆಳಕಂಡ ಐವರು ಕಳೆದ ಹಲವು ವರ್ಷಗಳಿಂದ ನಮ್ಮ ಟ್ರಸ್ಟಿನಲ್ಲಿ ಕೆಲಸ ನಿರ್ವಹಿಸುತ್ತಿದ್ದು, ಸದರಿ ದಿನಾಂಕದಂದು ಕಾರ್ಯದರ್ಶಿಯವರು ಖುದ್ದಾಗಿ ಆದೇಶಿಸಿದರೂ ಕೆಲಸಕ್ಕೆ ಗೈರುಹಾಜರಾಗಿರುತ್ತಾರೆ. ಆದ್ದರಿಂದ ಇವರೆಲ್ಲರನ್ನೂ ಈ ಕೂಡಲೇ ಕೆಲಸದಿಂದ ವಜಾ ಮಾಡಲಾಗಿದೆ.'

ಕೆಳಗೆ ಪಟ್ಟಿ. ಒಂದು, ಅಂಜನಮೂರ್ತಿ.

ಅಪ್ಪ ಸೂರು ನೋಡುತ್ತಿದ್ದ.

"ನಾನೂ ಹೋಗ್ಲಿಲ್ಲ ಅಂತ ಬರ್ದವ್ರಾ?"

"ಹೂಂ ಅಪ್ಪ."

"ಏಳ್ ತಿಂಗ್ಳಿಂದ ಬಿದ್ದಿವ್ನಿ, ನಾನೆಲ್ ಬರ್ಲಿ ಅಂತಾನೂ ಗ್ಯಾನ ಇಲ್ವಾ ಅವ್ರಿಗೆ?"

"ಹಳೇ ಪಟ್ಟಿ ಹಾಕ್ಬುಟ್ಟವ್ರೆ. ನಾನ್ ಮಾಡಿದ್ದು. ನಿನ್ ಹೆಸ್ರು ಮೊದ್ಲು ಇತ್ತು."

ಅಪ್ಪ ನಕ್ಕ. ನಕ್ಕರೆ ಅವನಿಗೆ ಪಕ್ಕೆ ನೋಯುತ್ತದೆ. ಆದರೂ ನಕ್ಕ. ಆಮೇಲೆ ನಿಲ್ಲಿಸಿದ.

"ಅದ್ರಲ್ಲಿ ಕೆಲ್ಸ ಅಂತ ಐತಾ?"

"ಮೂರ್ ಕಡೆ ಐತೆ."

"ಆ ಮೂರ್ ಕಡೆ ಓದು."

ಓದಿದೆ. ಅವ್ವ ಬಾಗಿಲ ಹತ್ತಿರ ಕೊಡ ಇಳಿಸಿ ಕೇಳಿಸಿಕೊಂಡಳು. ಸ್ವಯಂಸೇವಕರನ್ನು ಯಾರೂ ವಜಾ ಮಾಡುವುದಿಲ್ಲ. ಸಿಟ್ಟಿನಲ್ಲಿ ಅವರು ತಮ್ಮ ಬಂಗಾರದ ಪದವನ್ನು ಮರೆತಿದ್ದರು. ಟೈಪ್ ಮಾಡಿದ ಹೊಸ ಹುಡುಗಿ ಏನನ್ನೂ ತಿದ್ದಿರಲಿಲ್ಲ.

ಬೆಳಗ್ಗೆ ಮೊದಲನೇ ಬಸ್ಸಿಗೆ ತುಮಕೂರಿಗೆ, ಅದೇ ಕಾರ್ಮಿಕ ಇಲಾಖೆ ಆಫೀಸಿಗೆ ಹೋದೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಅವರ ಕಮಿಟಿಯಲ್ಲಿ ಲಾಯರಿದ್ದಾರೆ. ನಮ್ಮ ಹತ್ತಿರ ಒಂದು ಕಾಗದ ಇದೆ. ಅಪ್ಪನಂತೂ ಏಳುವುದಿಲ್ಲ. ಟೇಬಲ್ಲಿನ ಹಿಂದೆ ಕೂತಿದ್ದವರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೂರನೇ ಸಲ ಓದಿದರು. ಒಂದು ಅರ್ಜಿ ಫಾರಂ ನನ್ನ ಕಡೆ ತಳ್ಳಿದರು.

ಅಪ್ಪನ ಹೆಸರು ಬರೆದೆ. ವಯಸ್ಸು ಬರೆದೆ. ವಿಳಾಸ ಬರೆದೆ. ನಾಲ್ಕನೆಯದು ವೃತ್ತಿ.

"ಕೂಲಿ ಅಂತ ಹಾಕಮ್ಮ, ಸಾಕು" ಅಂದರು ಅವರು.

ಅದನ್ನು ಹಾಕಲಿಲ್ಲ. ಪೆನ್ನು ಒತ್ತಿ ಹಿಡಿದು, ಕೆಳಗಿನ ಹಾಳೆಗೂ ಮೂಡುವ ಹಾಗೆ ಬರೆದೆ.

ಗುಂಡಿ ತೋಡುವವರು.